ಒಂದು ಮೀಟರಿನ ಭೂಮಿ

ಚನ್ನಪಟ್ಟಣದಲ್ಲಿ ಚೆಲುವಯ್ಯನವರ ಬೊಂಬೆ ಕಾರ್ಖಾನೆ ತೀರಾ ಚಿಕ್ಕದು. ಹೆಂಚಿನ ಸೂರು, ಮರ ಕಡೆಯುವ ಕರೆಂಟಿನ ನಾಲ್ಕು ಲೇತು, ಗೋಡೆಗೆ ಒರಗಿಸಿಟ್ಟ, ಬೊಂಬೆಗೆ ಬಳಸುವ ಆಲೆ ಮರದ ತುಂಡುಗಳು, ಎಲ್ಲದರ ಮೇಲೂ ಹಿಟ್ಟಿನಂಥ ಮರದ ಪುಡಿ. ಬಾಗಿಲಿನಿಂದ ಎರಡನೆಯ ಲೇತಿನ ಮುಂದೆ ಖುರ್ಷಿದಾ ಇಪ್ಪತ್ತಾರು ವರ್ಷಗಳಿಂದ ನಿಂತಿದ್ದಾರೆ. ಗಿಲಕಿ, ಬುಗುರಿ, ತೊಟ್ಟಿಲಿಗೆ ಕಟ್ಟುವ ಬಣ್ಣದ ಗುಂಡು, ಇವು ಅವರ ಕೈಯಿಂದ ಎಷ್ಟು ಸಾವಿರ ಹೋಗಿವೆಯೋ ಅವರಿಗೇ ಗೊತ್ತಿಲ್ಲ. ಉರುಟಾದದ್ದು ಏನೇ ಇರಲಿ, ಬೆರಳಾಡಿಸಿ ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದು ಹೇಳಿಬಿಡುತ್ತಾರೆ. ಆ ಮಾತು ಒಮ್ಮೆಯೂ ಸುಳ್ಳಾಗಿದ್ದನ್ನು ಚೆಲುವಯ್ಯ ಕಂಡಿಲ್ಲ.

ಖುರ್ಷಿದಾ ಓದಿದ್ದು ಏಳನೆಯ ತರಗತಿಯವರೆಗೆ. ಆ ಬೇಸಿಗೆಯಲ್ಲಿ ತಾಯಿ ಹಾಸಿಗೆ ಹಿಡಿದರು. ಮನೆ ನೋಡಿಕೊಳ್ಳಲು ಹಿರಿ ಮಗಳು ಶಾಲೆ ಬಿಟ್ಟಳು. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೆ ಹೆಂಗಸರಿಗೆಂದು ನಡೆಯುತ್ತಿದ್ದ ತರಬೇತಿಯಲ್ಲಿ ಲೇತು ಕಲಿತರು. ಗಂಡ ಶರೀಫ್ ರಾಮನಗರದ ರೇಷ್ಮೆ ಬಿಚ್ಚಣಿಕೆ ಘಟಕವೊಂದರಲ್ಲಿ ನೂಲು ತೆಗೆಯುವ ಕೆಲಸಗಾರ. ಬೆಳಿಗ್ಗೆ ಅವರು ಕೆಂಗಲ್ ಮೇಲೆ ರಾಮನಗರಕ್ಕೆ ಹೋಗುವ ಬಸ್ಸು ಹತ್ತಿದರೆ, ಇವರು ನಡೆದು ಕಾರ್ಖಾನೆಗೆ ಬರುತ್ತಿದ್ದರು. ಬದುಕು ಹೀಗೇ ಸಾಗಿತ್ತು. ಎರಡು ವರ್ಷದ ಹಿಂದೆ ಆಗಸ್ಟ್ ತಿಂಗಳ ಒಂದು ಶನಿವಾರ, ಮಧ್ಯಾಹ್ನದ ಹೊತ್ತಿಗೆ, ಒಬ್ಬ ಮೇಷ್ಟರಮ್ಮ ಕೈಯಲ್ಲಿ ನಜ್ಜಾದ ಪ್ಲಾಸ್ಟಿಕ್ ಗ್ಲೋಬ್ ಹಿಡಿದುಕೊಂಡು ಕಾರ್ಖಾನೆಯ ಬಾಗಿಲಲ್ಲಿ ನಿಂತರು.

ಅವರ ಹೆಸರು ಮಮತಾ. ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದರು. ಎರಡು ಬಸ್ಸು ಬದಲಿಸಿ ಬಂದಿದ್ದರು.

"ನನಗೆ ಒಂದು ಮರದ ಗ್ಲೋಬ್ ಬೇಕು. ದೊಡ್ಡದು. ನಯವಾಗಿರಬೇಕು. ಆಗುತ್ತಾ?"

ಚೆಲುವಯ್ಯ ಕನ್ನಡಕ ಮೇಲೆ ಸರಿಸಿದರು. "ಅಂಗಡೀಲಿ ಸಿಕ್ಕಲ್ವಾ ಮೇಡಂ ಗ್ಲೋಬು? ನಾವು ಬೊಂಬೆ ಮಾಡೋರು."

ಮಮತಾ ನಡೆದದ್ದನ್ನು ಹೇಳಿದರು. ಒಂಬತ್ತನೆಯ ತರಗತಿಯಲ್ಲಿ ರಮ್ಯಾ ಎಂಬ ಹುಡುಗಿ ಇದ್ದಾಳೆ. ಅವಳ ಭಾವ ಮಧುಕುಮಾರ್ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ವಿಮಾನಗಳಿಗೆ ಊಟದ ಟ್ರಾಲಿ ತುಂಬುವ ಕೆಲಸದಲ್ಲಿದ್ದಾನೆ. ಯಾವ ವಿಮಾನ ಎಷ್ಟು ಹೊತ್ತು ಹಾರುತ್ತದೆ ಎಂದು ಅವನಿಗೆ ಊಟದ ಲೆಕ್ಕದಲ್ಲೇ ಗೊತ್ತು. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ಗಂಟೆ ಎಂದು ಅವನು ಹೇಳಿದ್ದ. ರಮ್ಯಾ ತರಗತಿಯ ಗೋಡೆಯ ಮೇಲಿನ ನಕ್ಷೆಗೆ ಸ್ಕೇಲ್ ಇಟ್ಟು ಅಳೆದಳು. ವಿಮಾನದ ವೇಗಕ್ಕೆ ಭಾಗಿಸಿದಾಗ ಇಪ್ಪತ್ತಾರು ಗಂಟೆ ಬಂತು. ಎದ್ದು ನಿಂತು ಕೇಳಿದಳು, "ಮಿಸ್, ನಮ್ ಭಾವ ಸುಳ್ಳು ಹೇಳ್ತಾರಾ, ಇಲ್ಲಾ ನಮ್ ನಕ್ಷೆ ಸುಳ್ಳು ಹೇಳ್ತದಾ?"

"ನಕ್ಷೆ ಚಪ್ಪಟೆ, ಭೂಮಿ ದುಂಡಗೆ, ಅದಕ್ಕೇ ಹಾಗೆ ಅಂತ ಬಾಯಲ್ಲಿ ಹೇಳಿದೆ," ಎಂದರು ಮಮತಾ. "ಆದರೆ ತೋರಿಸೋಕೆ ಆಗಲಿಲ್ಲ. ಈ ಗ್ಲೋಬು ತೆಂಗಿನಕಾಯಿಯಷ್ಟಿದೆ. ಮಧ್ಯದಲ್ಲಿ ಅಂಟಿಸಿದ ಗೆರೆ ಬೇರೆ. ದಾರ ಇಟ್ಟರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಮಕ್ಕಳು ಪಾಪ ಸುಮ್ಮನೆ ತಲೆ ಆಡಿಸಿದರು. ರಮ್ಯಾ ಮಾತ್ರ ಆಡಿಸಲಿಲ್ಲ."

ಖುರ್ಷಿದಾ ಲೇತು ನಿಲ್ಲಿಸಿ ಕೇಳುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಆ ನಜ್ಜಾದ ಗ್ಲೋಬನ್ನು ತೆಗೆದುಕೊಂಡು ತಿರುಗಿಸಿದರು.

"ಮೇಡಂ, ಭೂಮಿ ಸುತ್ತಳತೆ ಎಷ್ಟು?"

"ಹತ್ತಿರ ಹತ್ತಿರ ನಲವತ್ತು ಸಾವಿರ ಕಿಲೋಮೀಟರ್."

ಖುರ್ಷಿದಾ ಬಿಡುವಿನಲ್ಲಿ ಬಟ್ಟೆ ಹೊಲಿಯುತ್ತಿದ್ದುದರಿಂದ ಅಳತೆ ಟೇಪು ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು.

"ಹಂಗಾರೆ ಗುಂಡಿನ ಸುತ್ತಳತೆ ಸರಿಯಾಗಿ ಒಂದು ಮೀಟ್ರು ಮಾಡ್ಬುಟ್ರೆ? ಒಂದೊಂದು ಸೆಂಟಿಮೀಟ್ರಿಗೂ ನಾನೂರು ಕಿಲೋಮೀಟ್ರು ಆಯ್ತದೆ. ಮಕ್ಳು ದಾರ ಇಟ್ಟು ಟೇಪಲ್ಲಿ ಅಳೆದ್ರೆ ಸಾಕು. ನಾನೂರರ ಮಗ್ಗಿ ಏನು ಕಷ್ಟ?"

ಮಮತಾ ಟೇಪನ್ನು ನೋಡಿದರು, ಅವರನ್ನು ನೋಡಿದರು. "ವಿಮಾನ ಗಂಟೆಗೆ ಎಂಟುನೂರು ಕಿಲೋಮೀಟರ್ ಅಂತ ಹಿಡಿದರೆ ಎರಡು ಸೆಂಟಿಮೀಟರಿಗೆ ಒಂದು ಗಂಟೆ," ಎಂದರು ಮೆಲ್ಲಗೆ. "ನೀವು ಎಲ್ಲಿವರೆಗೆ ಓದಿದ್ದೀರ?"

"ಏಳನೇ ಕ್ಲಾಸು, ಮೇಡಂ."

"ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ. ನನಗೆ ಇದು ಹೊಳೆದಿರಲಿಲ್ಲ."

ಆ ಒಂದು ಮಾತಿಗೆ ಖುರ್ಷಿದಾ ಆ ಕೆಲಸವನ್ನು ತಮ್ಮದೇ ಮಾಡಿಕೊಂಡರು.

ಒಂದು ಮೀಟರ್ ಸುತ್ತಳತೆ ಎಂದರೆ ಮೂವತ್ತೆರಡು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಅಡ್ಡಗಲ. ಅಷ್ಟು ದಪ್ಪದ ಆಲೆ ಮರ ಸಿಗುವುದಿಲ್ಲ, ಸಿಕ್ಕರೂ ಸೀಳುತ್ತದೆ. ಸಣ್ಣ ತುಂಡುಗಳನ್ನು ಬಳೆಯಾಕಾರಕ್ಕೆ ಅಂಟಿಸಿ, ಬಳೆಯ ಮೇಲೆ ಬಳೆ ಕೂರಿಸಿ, ಎರಡು ದೊಡ್ಡ ಬಟ್ಟಲು ಮಾಡಿ, ಬಾಯಿಗೆ ಬಾಯಿ ಕೂಡಿಸಿ ಗುಂಡು ಮಾಡುವುದೆಂದು ತೀರ್ಮಾನವಾಯಿತು. ದಿನದ ಕೆಲಸ ಮುಗಿದ ಮೇಲೆ ಒಂದು ಗಂಟೆ ಅದಕ್ಕೆ. ಮೂರು ವಾರ ಹಿಡಿಯಿತು. ಬರಿಯ ಮರವನ್ನು ಅಳೆದಾಗ ಟೇಪು ಸರಿಯಾಗಿ ನೂರಕ್ಕೆ ಬಂದು ನಿಂತಿತು. ಖುರ್ಷಿದಾ ಖುಷಿಯಿಂದ ನೀಲಿ ಅರಗಿನ ಕಡ್ಡಿ ತೆಗೆದುಕೊಂಡು ತಿರುಗುವ ಗುಂಡಿಗೆ ಒತ್ತಿದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡಿತು. ತಾಳೆ ಗರಿ ಹಿಡಿದು ಉಜ್ಜಿದಾಗ ಇಡೀ ಗುಂಡು ಸಮುದ್ರದಂತೆ ಹೊಳೆಯಿತು. ಕಾರ್ಖಾನೆಯವರೆಲ್ಲ ಕೆಲಸ ಬಿಟ್ಟು ಬಂದು ನೋಡಿದರು.

ಆಮೇಲೆ ಖುರ್ಷಿದಾ ಮತ್ತೆ ಟೇಪು ಸುತ್ತಿದರು. ನೂರು ಸೆಂಟಿಮೀಟರ್, ಮೇಲೆ ಐದು ಮಿಲಿಮೀಟರ್.

ಅರಗಿನ ದಪ್ಪವನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಿಲಿಮೀಟರಿಗಿಂತ ತೆಳ್ಳಗಿನ ಪದರ, ಸುತ್ತ ಹೋದಾಗ ಅರ್ಧ ಸೆಂಟಿಮೀಟರ್ ಆಗಿತ್ತು.

"ಭೂಮಿ ಒಸಿ ದಪ್ಪ ಆಗೈತೆ, ಅಷ್ಟೇ ತಾನೆ? ಆಗ್ಲಿ ಬುಡಮ್ಮ," ಎಂದರು ಚೆಲುವಯ್ಯ. "ಯಾರಿಗೆ ಗೊತ್ತಾಯ್ತದೆ?"

"ನಂಗೆ ಗೊತ್ತಾಯ್ತದಲ್ಲಣ್ಣ. ಅರ್ಧ ಸೆಂಟಿಮೀಟ್ರು ಅಂದ್ರೆ ಇನ್ನೂರು ಕಿಲೋಮೀಟ್ರು. ಇಲ್ಲಿಂದ ಮೈಸೂರಿಗೆ ಹೋಗಿ ವಾಪಸ್ ಬಂದ್ರೂ ಇನ್ನೂ ಮಿಕ್ತದೆ. ಆ ಹುಡುಗಿ ಸ್ಕೇಲ್ ಹಿಡ್ಕೊಂಡು ನಿಂತವ್ಳೆ. ಅವಳಿಗೆ ಸುಳ್ಳು ಗುಂಡು ಕೊಡಲಾ?"

ಮಾರನೆಯ ದಿನ ಚೆಲುವಯ್ಯ ತಾವೇ ಒಣಗಿದ ಮರ ಆರಿಸಿ ತಂದು ಅವರ ಲೇತಿನ ಪಕ್ಕದಲ್ಲಿಟ್ಟರು.

ಎರಡನೆಯ ಗುಂಡನ್ನು ಖುರ್ಷಿದಾ ಅರಗಿನ ಪಾಲು ಬಿಟ್ಟು, ಒಂದಿಷ್ಟು ಚಿಕ್ಕದಾಗಿ ತೆಗೆದರು. ಅರಗು ಹಚ್ಚಿ, ಉಜ್ಜಿ, ಟೇಪು ಸುತ್ತಿದಾಗ ನೂರಕ್ಕೆ ನೂರು. ಅಡ್ಡ ಸುತ್ತಿದರೂ ನೂರು, ಉದ್ದ ಸುತ್ತಿದರೂ ನೂರು, ಓರೆಯಾಗಿ ಸುತ್ತಿದರೂ ನೂರು. ಮಮತಾ ಎರಡು ಭಾನುವಾರ ಬಂದು ಕೂತು ಅಕ್ಷಾಂಶ ರೇಖಾಂಶಗಳನ್ನು ಪೆನ್ಸಿಲಿನಲ್ಲಿ ಗುರುತಿಸಿದರು. ಖುರ್ಷಿದಾ ತೆಳುವಾದ ಕುಂಚದಲ್ಲಿ ಭೂಖಂಡಗಳನ್ನು ತುಂಬಿದರು. ಊರುಗಳಿದ್ದ ಕಡೆ ಗುಂಡುಸೂಜಿ ನೆಡಲು ಸಣ್ಣ ತೂತು ಕೊರೆದರು.

ಇನ್ನು ದಾರ. ಹೊಲಿಗೆಯ ನೂಲು ಇಟ್ಟು ನೋಡಿದರೆ ಒಮ್ಮೆ ಒಂದಳತೆ, ಇನ್ನೊಮ್ಮೆ ಇನ್ನೊಂದು. ಅದನ್ನು ಕೇಳಿದ ಶರೀಫ್ ಮರುದಿನ ಘಟಕದಿಂದ ಹುರಿ ಮಾಡಿದ ರೇಷ್ಮೆ ಎಳೆ ತಂದುಕೊಟ್ಟರು. "ನಿಮ್ಮ ಅರಗೂ ನಯ, ನಮ್ಮ ರೇಷ್ಮೆಯೂ ನಯ. ಒಂದಕ್ಕೊಂದು ತಡೆಯೋದಿಲ್ಲ, ನೋಡು," ಎಂದರು. ನಿಜವೇ ಆಗಿತ್ತು. ಎರಡು ಸೂಜಿಗಳ ನಡುವೆ ಎಳೆಯನ್ನು ಹೇಗೇ ಇಟ್ಟು ಬಿಗಿ ಎಳೆದರೂ ಅದು ಅರಗಿನ ಮೇಲೆ ಜಾರಿಕೊಂಡು ಹೋಗಿ ತೀರಾ ಹತ್ತಿರದ ದಾರಿಯಲ್ಲಿ ತಾನೇ ನಿಲ್ಲುತ್ತಿತ್ತು.

ಗುಂಡನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಖುರ್ಷಿದಾ ತಾವೇ ಬಸ್ಸಿನಲ್ಲಿ ಕಲ್ಯದ ಕಡೆ ಹೋದರು. ಮೂವತ್ತೈದು ವರ್ಷಗಳ ಮೇಲೆ ಒಂದು ತರಗತಿಯೊಳಗೆ ಕಾಲಿಡುತ್ತಿದ್ದರು. ಮಮತಾ ಅವರನ್ನು ಕರಿಹಲಗೆಯ ಪಕ್ಕ ನಿಲ್ಲಿಸಿ, "ಇವತ್ತಿನ ಪಾಠ ಇವರದು," ಎಂದು ಹಿಂದಿನ ಬೆಂಚಿಗೆ ಹೋಗಿ ಕೂತರು.

ಖುರ್ಷಿದಾ ಪಾಠದ ಮಾತು ಬಿಟ್ಟು ರಮ್ಯಾಳನ್ನು ಮುಂದೆ ಕರೆದು ಎಳೆಯನ್ನು ಅವಳ ಕೈಗೆ ಕೊಟ್ಟರು. "ಬೆಂಗಳೂರಲ್ಲಿ ಒಂದು ತುದಿ ಹಿಡಿ. ನಿನ್ ಭಾವ ಹೇಳಿದ ಊರಲ್ಲಿ ಇನ್ನೊಂದು. ಈಗ ಎಳಿ."

ರಮ್ಯಾ ನಕ್ಷೆಯಲ್ಲಿ ನೋಡಿದ್ದಂತೆ ಎಳೆಯನ್ನು ಅಡ್ಡಕ್ಕೆ ಇಟ್ಟು ಎಳೆದಳು. ಎಳೆ ಜಾರಿತು. ಸಮುದ್ರ ಬಿಟ್ಟು ಮೇಲೆ ಮೇಲೆ ಹೋಯಿತು. ಚೀನಾದ ಮೇಲೆ, ರಷ್ಯಾದ ಮೇಲೆ, ಅಲಾಸ್ಕಾದ ಮೇಲೆ ಹಾದು ನಿಂತಿತು. ಮಕ್ಕಳು ಬೆಂಚಿನಿಂದ ಎದ್ದುಬಂದು ಸುತ್ತ ಮುತ್ತಿಕೊಂಡರು. ಟೇಪಿಟ್ಟರೆ ಮೂವತ್ತೈದು ಸೆಂಟಿಮೀಟರ್. ಹದಿನಾಲ್ಕು ಸಾವಿರ ಕಿಲೋಮೀಟರ್. ಹದಿನೇಳೂವರೆ ಗಂಟೆ.

"ಭಾವ ಹದಿನಾರು ಅಂದಿದ್ರು," ಎಂದಳು ರಮ್ಯಾ. "ಒಂದೂವರೆ ಗಂಟೆ ಹೆಚ್ಗೆ ಬಂತು."

"ಗುಂಡು ಸರಿಯಾಗೈತೆ ಮಗಳೇ, ಅದನ್ನ ನಾನು ಹೇಳಬಲ್ಲೆ," ಎಂದರು ಖುರ್ಷಿದಾ. "ಮಿಕ್ಕಿದ ಒಂದೂವರೆ ಗಂಟೆ ಎಲ್ಲಿಂದ ಬಂತು ಅಂತ ನಂಗೊತ್ತಿಲ್ಲ."

ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ್ದು ಮಕ್ಕಳಿಗೆ ತುಂಬಾ ಹಿಡಿಸಿತು ಎಂದು, ಇದನ್ನೆಲ್ಲ ಕೇಳಿ ಬರೆದುಕೊಳ್ಳಲು ಹೋದ ನನಗೆ ಮಮತಾ ಆಮೇಲೆ ಹೇಳಿದರು.

ಡಿಸೆಂಬರಿನಲ್ಲಿ ರಾಮನಗರದಲ್ಲಿ ಜಿಲ್ಲೆಯ ಶಾಲೆಗಳ ವಸ್ತುಪ್ರದರ್ಶನ ನಡೆಯಿತು. ರಮ್ಯಾ ಮತ್ತು ಅವಳ ಗೆಳತಿಯರು ಗುಂಡನ್ನು ತಂದಿಟ್ಟರು. ಖುರ್ಷಿದಾ ಅವತ್ತು ರಜೆ ಹಾಕಿ ಬಂದು ಮೇಜಿನ ಹಿಂದೆ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದರು. ತೀರ್ಪುಗಾರರ ಗುಂಪಿನಲ್ಲಿ ಎತ್ತರದ, ನೆಟ್ಟಗೆ ನಡೆಯುವ ಒಬ್ಬ ಹಿರಿಯರಿದ್ದರು. ಹೆಸರು ದೇವರಾಜು, ಬೈರಮಂಗಲದ ರೈತ ಮನೆಯವರು. ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿದ್ದು ನಿವೃತ್ತರಾದವರು; ವಿಮಾನ ಯಾವ ದಾರಿ ಹಿಡಿಯಬೇಕು, ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಲೆಕ್ಕ ಹಾಕುವುದೇ ಅವರ ಜೀವಮಾನದ ಕೆಲಸವಾಗಿತ್ತು.

ರಮ್ಯಾ ಮೊದಲು ಕೇಳಿದ್ದೇ ಆ ಒಂದೂವರೆ ಗಂಟೆಯ ವಿಷಯ.

"ಗಾಳಿ ಕಣಮ್ಮ," ಎಂದು ದೇವರಾಜು ನಕ್ಕರು. "ಅಷ್ಟು ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಬೀಸ್ತದೆ. ಹೋಗ್ವಾಗ ಹಿಂದಿಂದ ತಳ್ತದೆ, ಬರುವಾಗ ಎದುರಿಗೆ ನಿಲ್ತದೆ. ಗಾಳಿ ನೋಡ್ಕೊಂಡು ವಿಮಾನದೋರು ದಾರೀನೂ ಬದಲಾಯಿಸ್ತಾರೆ. ನಿಮ್ ಭಾವನ್ನ ವಾಪಸ್ ಬರೋ ವಿಮಾನದ ಹೊತ್ತು ಕೇಳು. ಹದಿನೇಳೂವರೆ ಅಂತಾನೆ."

ಆಮೇಲೆ ಅವರು ಗುಂಡಿನ ಮೇಲೆ ಕೈಯಿಟ್ಟು ಒಂದು ಸುತ್ತು ತಿರುಗಿಸಿದರು. ಎದುರಿನ ಗೋಡೆಯಲ್ಲಿ ಪ್ರಪಂಚದ ಚಪ್ಪಟೆ ನಕ್ಷೆ ತೂಗುತ್ತಿತ್ತು. "ಅಲ್ಲಿ ನೋಡು. ಬಲಗಡೆ ಕೊನೇಲಿ ಆಸ್ಟ್ರೇಲಿಯಾದ ಸಿಡ್ನಿ. ಎಡಗಡೆ, ದಕ್ಷಿಣ ಅಮೆರಿಕದ ಅಂಚಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊ. ಎಷ್ಟು ದೂರ?"

ರಮ್ಯಾ ನಕ್ಷೆಯ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು. "ನಕ್ಷೇಲಿ ಅಳೆದ್ರೆ ಮೂವತ್ತು ಗಂಟೆ ಆಯ್ತದೇನೋ ಸಾರ್."

"ಗುಂಡಲ್ಲಿ?"

ಹುಡುಗಿ ಎಳೆ ತೆಗೆದುಕೊಳ್ಳುವಷ್ಟರಲ್ಲಿ ದೇವರಾಜು ಗೋಡೆಯ ಕಡೆ ನೋಡಿದರು. "ಅವರು ಯಾರು? ನಿಮ್ಮ ತಾಯೀನಾ?"

"ಅಲ್ಲ ಸಾರ್," ಎಂದರು ಪಕ್ಕದಲ್ಲಿದ್ದ ಮಮತಾ. "ಈ ಭೂಮಿ ಮಾಡಿದವರು."

ಸುತ್ತ ನಿಂತವರು ನಕ್ಕರು. ದೇವರಾಜು ನಗಲಿಲ್ಲ. "ಹಂಗಾದ್ರೆ ನೀವೇ ಅಳೀರಮ್ಮ," ಎಂದರು.

ಖುರ್ಷಿದಾ ಮುಂದೆ ಬಂದರು. ಸಿಡ್ನಿಯಲ್ಲಿ ಒಂದು ಸೂಜಿ, ಸ್ಯಾಂಟಿಯಾಗೊದಲ್ಲಿ ಒಂದು. ಎಳೆಯನ್ನು ಇಟ್ಟು ಎರಡು ಬೆರಳಲ್ಲಿ ಬಿಗಿದರು. ಅದು ಕೆಳಕ್ಕೆ ಜಾರಿ ದಕ್ಷಿಣದ ಹಿಮಖಂಡದ ಹತ್ತಿರ ಹಾದು ನಿಂತಿತು. ನಕ್ಷೆಯಲ್ಲಿ ಪ್ರಪಂಚದ ಎರಡು ಕೊನೆಗಳಾಗಿದ್ದ ಊರುಗಳು ಗುಂಡಿನ ಮೇಲೆ ಒಂದೇ ಸಮುದ್ರದ ಎರಡು ದಡಗಳಾಗಿದ್ದವು. ಎಳೆಯನ್ನು ಉಗುರಲ್ಲಿ ಹಿಡಿದು ಟೇಪಿನ ಮೇಲಿಟ್ಟರು.

"ಇಪ್ಪತ್ತೆಂಟು, ಮೇಲೆ ನಾಕು ಮಿಲಿಮೀಟ್ರು. ಹನ್ನೊಂದು ಸಾವಿರದ ಮುನ್ನೂರ ಅರವತ್ತು ಕಿಲೋಮೀಟ್ರು ಸಾರ್. ಹದಿನಾಕು ಗಂಟೆ, ಇನ್ನೊಂದು ಹತ್ತು ನಿಮಿಷ."

ದೇವರಾಜು ಜೇಬಿನಿಂದ ಫೋನ್ ತೆಗೆದು ನೋಡಿ ಅದನ್ನು ಎಲ್ಲರ ಕಡೆ ತಿರುಗಿಸಿ ಹಿಡಿದರು. ಹನ್ನೊಂದು ಸಾವಿರದ ಮುನ್ನೂರ ನಲವತ್ತು ಎಂದಿತ್ತು. ಅಷ್ಟು ದೊಡ್ಡ ಸಮುದ್ರದಲ್ಲಿ ಬರಿಯ ಇಪ್ಪತ್ತು ಕಿಲೋಮೀಟರ್ ವ್ಯತ್ಯಾಸ.

"ಇದನ್ನ ಲೆಕ್ಕ ಹಾಕೋಕೆ ನಂಗೆ ತಿಂಗಳುಗಟ್ಲೆ ಟ್ರೈನಿಂಗ್ ಕೊಟ್ರು," ಎಂದರು. "ಸೈನು, ಕೊಸೈನು, ದಪ್ಪ ದಪ್ಪ ಪುಸ್ತಕ. ನೀವು ಒಂದು ಎಳೆ ಕೊಟ್ಟು ಮುಗಿಸ್ಬುಟ್ರಲ್ಲಮ್ಮ. ವಿಮಾನದಲ್ಲಿ ಹೋಗಿದ್ದೀರಾ ಯಾವತ್ತಾದ್ರೂ?"

"ಇಲ್ಲ ಸಾರ್. ದೂರ ಅಂದ್ರೆ ಅಜ್ಮೇರ್‌ಗೆ ಹೋಗಿದ್ದೆ. ರೈಲಲ್ಲಿ."

"ನಾನು ಮೂವತ್ತು ವರ್ಷ ಹಾರಿದ್ದೀನಿ. ನಿಮ್ಮಷ್ಟು ಸರಿಯಾಗಿ ಭೂಮೀನ ಮುಟ್ಟಿ ನೋಡಿಲ್ಲ," ಎಂದು ಅವರು ಎರಡೂ ಕೈ ಜೋಡಿಸಿದರು.

ಅವತ್ತು ರಮ್ಯಾಳ ಗುಂಪಿಗೆ ಬಂದದ್ದು ಎರಡನೆಯ ಬಹುಮಾನ. ಮೊದಲನೆಯದು ಕನಕಪುರದ ಹುಡುಗರು ಮಾಡಿದ್ದ ರಾಗಿ ಒಕ್ಕುವ ಯಂತ್ರಕ್ಕೆ ಹೋಯಿತು. ರಮ್ಯಾಗೆ ಕಣ್ಣಲ್ಲಿ ನೀರು. ಖುರ್ಷಿದಾಗೆ ಬಹುಮಾನದ ನೆನಪೇ ಇರಲಿಲ್ಲ. ಸಂಜೆ ಶರೀಫ್ ಘಟಕದಿಂದ ನೇರವಾಗಿ ಪ್ರದರ್ಶನದ ಬಾಗಿಲಿಗೆ ಬಂದಿದ್ದರು. ಗಂಡ ಹೆಂಡತಿ ಒಟ್ಟಿಗೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಖುರ್ಷಿದಾ ನಡೆದದ್ದನ್ನು ಹೇಳಿದರು. ಚನ್ನಪಟ್ಟಣದಲ್ಲಿ ಇಳಿದಾಗ ಶರೀಫ್, "ಆ ಸಾರ್ ಕೈ ಮುಗಿದಿದ್ದು ಇನ್ನೊಂದ್ಸಲ ಹೇಳು," ಎಂದರು. ಖುರ್ಷಿದಾ ನಗುತ್ತಾ ಇನ್ನೊಮ್ಮೆ ಹೇಳಿದರು.

ಮುಂದಿನ ಒಂದು ವರ್ಷದಲ್ಲಿ ಜಿಲ್ಲೆಯ ಹದಿನಾಲ್ಕು ಶಾಲೆಗಳು ಗುಂಡು ಬೇಕೆಂದು ಹೇಳಿ ಕಳಿಸಿದವು. ಅಲ್ಲಿಯವರೆಗೆ ಆ ಕಾರ್ಖಾನೆಯಿಂದ ಹೊರಟ ಯಾವ ವಸ್ತುವಿನ ಮೇಲೂ ಮಾಡಿದವರ ಹೆಸರು ಇರುತ್ತಿರಲಿಲ್ಲ. ಚೆಲುವಯ್ಯ ಒಂದು ಬೆಳಿಗ್ಗೆ ತಂತಿಯನ್ನು ಕಾಯಿಸಿ ಅವುಗಳಲ್ಲಿ ಮೊದಲ ಗುಂಡನ್ನು ಕೂರಿಸಿದ ಪೀಠದ ತಳದಲ್ಲಿ ತಾವೇ ಸುಟ್ಟು ಬರೆದರು: ಖುರ್ಷಿದಾ, ಚನ್ನಪಟ್ಟಣ. ಬರೆದು ದೂರ ಹಿಡಿದು ಓದಿ, "ಅಕ್ಷರ ಒಸಿ ಸೊಟ್ಟ ಆದ್ವು. ಗುಂಡು ಸೊಟ್ಟ ಇಲ್ಲ ಬುಡು," ಎಂದರು.

ಕಳೆದ ಜನವರಿಯಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಯೊಂದರಿಂದ ಕೇಳಿಕೆ ಬಂತು. ಬಣ್ಣದ ಭೂಖಂಡ ಅವರಿಗೆ ಯಾವ ಉಪಯೋಗಕ್ಕೂ ಇಲ್ಲ. ಉಬ್ಬಿಸಿದರೆ ಎಳೆ ಜಾರುವುದಿಲ್ಲ. ಖುರ್ಷಿದಾ ವಾರಗಟ್ಟಲೆ ಯೋಚಿಸಿ, ಕರಾವಳಿಯ ಗೆರೆಯನ್ನು ಉಳಿಯಿಂದ ಕೂದಲಿನಷ್ಟು ಆಳಕ್ಕೆ ಕೊರೆದರು. ಬೆರಳಿಗೆ ತಿಳಿಯುತ್ತದೆ, ಎಳೆಗೆ ತಡೆಯಾಗುವುದಿಲ್ಲ. ಊರುಗಳ ತೂತಿಗೆ ಬೇಕಾದಾಗ ಸಿಕ್ಕಿಸುವ ಹಿತ್ತಾಳೆಯ ಮೊಳೆ. ಎಳೆಯಲ್ಲಿ ಎರಡು ಸೆಂಟಿಮೀಟರಿಗೊಂದು ಸಣ್ಣ ಗಂಟು. ಒಂದು ಗಂಟು ಎಂದರೆ ಒಂದು ಗಂಟೆ.

ಅದನ್ನು ಒಪ್ಪಿಸಲು ಹೋದ ದಿನ ನಾನೂ ಜೊತೆಗಿದ್ದೆ. ಮಾಗಡಿಯ ಜಾರಾ ಎಂಬ ಹದಿಮೂರು ವರ್ಷದ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಕೂತಳು. ಎರಡು ಕೈಯಲ್ಲಿ ಗುಂಡನ್ನು ತಬ್ಬಿ ಹಿಡಿದು, ಭಾರತದ ತುದಿಯನ್ನು ತಾನೇ ಹುಡುಕಿದಳು. ಜಪಾನಿನ ಟೋಕಿಯೊಗೆ ಎಳೆ ಎಳೆದು ಬೆರಳಲ್ಲಿ ಎಣಿಸಿದಳು.

"ಎಂಟು ಗಂಟು. ಇನ್ನೂ ಒಸಿ ಮಿಕ್ತು. ಎಂಟು ಗಂಟೆ ಇಪ್ಪತ್ತು ನಿಮಿಷ ಅಂತ ಇಟ್ಕೊಳ್ಳಲಾ ಆಂಟಿ?"

"ಇಟ್ಕೋ."

"ಇಲ್ಲಿಂದ ಎಲ್ಲಕ್ಕಿಂತ ದೂರದ ಜಾಗ ಎಷ್ಟು ಗಂಟು?"

"ಇಪ್ಪತ್ತೈದು," ಎಂದರು ಖುರ್ಷಿದಾ. "ಅದಕ್ಕಿಂತ ದೂರ ಈ ಭೂಮೀಲಿ ಎಲ್ಲೂ ಇಲ್ಲ. ಅಲ್ಲಿಂದಾಚೆಗೆ ಯಾವ ಕಡೆ ಹೋದ್ರೂ ಮನೆ ಹತ್ರ ಆಗ್ತಾ ಬತ್ತದೆ."

ಜಾರಾ ನಂಬಲಿಲ್ಲ. ಎಳೆಯ ತುದಿಯನ್ನು ಬೆಂಗಳೂರಿನ ಮೊಳೆಗೆ ಸಿಕ್ಕಿಸಿ ಒಂದೊಂದೇ ಗಂಟನ್ನು ಎಣಿಸುತ್ತಾ ಗುಂಡಿನ ಆಚೆ ಬದಿಗೆ ಹೊರಟಳು. ಹಿಂದೆ ಇನ್ನೂ ಹನ್ನೊಂದು ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದರು. ಖುರ್ಷಿದಾ ಅವಸರ ಮಾಡಲಿಲ್ಲ. ಹುಡುಗಿ ತಿರುಗಿಸಿದ ಕಡೆಗೆಲ್ಲ ಪೀಠವನ್ನು ಅಲುಗಾಡದಂತೆ ಹಿಡಿದುಕೊಂಡು ನಿಂತಿದ್ದರು.